ತಿಳಿನೀರೆಲ್ಲ ಶುದ್ಧ ನೀರಲ್ಲ: ಪ್ರವಾಹದ ನಂತರ ಹಾಸ್ಟೆಲ್ ಬಾಗಿಲು ತೆರೆಯುವಾಗ



ಹತ್ತನೇ ತರಗತಿಯ ಫಲಿತಾಂಶ ಬಂದಾಯ್ತು. ಹೊಸೂರು, ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ನಮ್ಮ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಕೆಲವರು ಇಲ್ಲೇ ಪ್ಲಸ್ ಒನ್ ಸೇರುತ್ತೀರಿ. ಇನ್ನು ಕೆಲವರು ಗಡಿ ದಾಟಿ ಆನೇಕಲ್, ಬೆಂಗಳೂರು ಕಡೆ ಪಿಯುಸಿಗೆ ಹೋಗುತ್ತೀರಿ. ನಿಮ್ಮಲ್ಲಿ ಹಲವರಿಗೆ ಇದು ಹಾಸ್ಟೆಲ್‌ನ ಮೊದಲ ವರ್ಷ. ಟ್ರಂಕು, ಬಕೆಟ್ಟು, ಚಾಪೆ, ತಟ್ಟೆ, ಲೋಟ ಎಲ್ಲಾ ಸಿದ್ಧವಾಗಿರುತ್ತೆ. ಸೇರಿಸೋಕೆ ಬಂದ ಅಪ್ಪ ಅಮ್ಮ ವಾರ್ಡನ್ ಹತ್ತಿರ ಏನು ಕೇಳುತ್ತಾರೆ? "ಊಟ ಹೆಂಗೆ ಸಾರ್? ರಾತ್ರಿ ಕರೆಂಟ್ ಇರುತ್ತಾ? ವಾರಕ್ಕೊಂದು ಸಲ ಫೋನ್ ಮಾಡೋಕೆ ಬಿಡ್ತೀರಾ?" ಇಷ್ಟೇ. "ಕುಡಿಯೋ ನೀರು ಎಲ್ಲಿಂದ ಬರುತ್ತೆ?" ಅಂತ ಕೇಳುವವರು ಕಡಿಮೆ.

ನಾನೂ ಕೇಳುತ್ತಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇಳೋದನ್ನ ಕಲಿತೆ. ಕಲಿತದ್ದು ಪುಸ್ತಕದಿಂದ ಅಲ್ಲ, ನಾನೇ ಮಾಡಿದ ಒಂದು ತಪ್ಪಿನಿಂದ. ಆ ತಪ್ಪನ್ನು ನಿಮ್ಮ ಮುಂದೆ ಇಟ್ಟು, ಅದರಿಂದ ಒಂದು ವಿಜ್ಞಾನ ಪಾಠ ಮಾಡೋಣ ಅಂತ ಈ ಲೇಖನ.

1. ಒಂದೇ ದಿನದಲ್ಲಿ ಅರ್ಧ ವರ್ಷದ ಮಳೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿ ಹತ್ತಿರ ಕರಾವಳಿಯನ್ನು ದಾಟಿತು. ಸಾಮಾನ್ಯವಾಗಿ ಚಂಡಮಾರುತ ನೆಲಕ್ಕೆ ಬಂದ ಮೇಲೆ ಬೇಗ ಮುಂದಕ್ಕೆ ಹೋಗಿ ದುರ್ಬಲವಾಗುತ್ತೆ. ಇದು ಹಾಗೆ ಮಾಡಲಿಲ್ಲ. ಹಲವು ಗಂಟೆಗಳ ಕಾಲ ಹೆಚ್ಚುಕಡಿಮೆ ನಿಂತಲ್ಲೇ ನಿಂತು, ಆಮೇಲೆ ನಿಧಾನವಾಗಿ ಪಶ್ಚಿಮಕ್ಕೆ ಸರಿಯಿತು. ಗಾಳಿಯ ಜೋರು ಕಡಿಮೆಯಾದರೂ ಬಂಗಾಳ ಕೊಲ್ಲಿಯ ತೇವ ತುಂಬಿದ ಗಾಳಿ ಅದಕ್ಕೆ ಬರುತ್ತಲೇ ಇತ್ತು. ಬೆಟ್ಟಗಳಿರುವ ನಮ್ಮ ಒಳನಾಡಿನ ಕಡೆ ಆ ತೇವ ಮೇಲೇರಿ, ತಣ್ಣಗಾಗಿ, ಮಳೆಯಾಗಿ ಸುರಿಯಿತು.

ಕೃಷ್ಣಗಿರಿ ಜಿಲ್ಲೆಯ ಊತ್ತಂಗರೆ ಸಮುದ್ರದಿಂದ ನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಡಿಸೆಂಬರ್ 2ರ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳಲ್ಲಿ ಅಲ್ಲಿ ಬಿದ್ದ ಮಳೆ 503 ಮಿ.ಮೀ. ನಮ್ಮ ಜಿಲ್ಲೆಗೆ ಇಡೀ ವರ್ಷಕ್ಕೆ ಬೀಳುವ ಮಳೆ 850 ಮಿ.ಮೀ. ಆಸುಪಾಸು. ಅಂದರೆ ಅರ್ಧ ವರ್ಷಕ್ಕಿಂತ ಹೆಚ್ಚಿನ ಮಳೆ ಒಂದೇ ದಿನದಲ್ಲಿ! ಕೆರೆಗಳು ಕೋಡಿ ಹರಿದವು. ಊತ್ತಂಗರೆ ಬಸ್ ನಿಲ್ದಾಣದ ಹತ್ತಿರ ನಿಲ್ಲಿಸಿದ್ದ ವಾಹನಗಳು ನೀರಿನಲ್ಲಿ ಆಟಿಕೆಗಳ ಹಾಗೆ ಕೊಚ್ಚಿಹೋದದ್ದನ್ನು ನೀವೂ ಟಿ.ವಿ.ಯಲ್ಲಿ ನೋಡಿರುತ್ತೀರಿ.

503 ಮಿ.ಮೀ. ಅಂದರೆ ಎಷ್ಟು ನೀರು? ಒಂದು ಸುಲಭ ಸೂತ್ರ ನೆನಪಿಡಿ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ 1 ಲೀಟರ್ ನೀರು. ಲೆಕ್ಕ ಮಾಡಿ:

ಹಾಸ್ಟೆಲ್ ತಾರಸಿಯ ಉದ್ದ 20 ಮೀ., ಅಗಲ 10 ಮೀ. ಇದೆ ಅಂತ ಇಟ್ಟುಕೊಳ್ಳೋಣ.
ವಿಸ್ತೀರ್ಣ = 20 × 10 = 200 ಚದರ ಮೀಟರ್.
ಬಿದ್ದ ನೀರು = 200 × 503 = 1,00,600 ಲೀಟರ್.

ಒಂದು ತಾರಸಿಯ ಮೇಲೇ ಒಂದು ಲಕ್ಷ ಲೀಟರ್! 12,000 ಲೀಟರ್‌ನ ಟ್ಯಾಂಕರ್ ಲೆಕ್ಕದಲ್ಲಿ ಎಂಟು ಟ್ಯಾಂಕರ್‌ಗಿಂತ ಹೆಚ್ಚು. ಇನ್ನು ಸುತ್ತಲಿನ ಹೊಲ, ರಸ್ತೆ, ಬೆಟ್ಟದ ಇಳಿಜಾರಿನ ನೀರೆಲ್ಲ ಸೇರಿದರೆ? ಆ ನೀರು ಬರೀ ನೀರಾಗಿ ಹರಿಯೋದಿಲ್ಲ. ದನದ ಕೊಟ್ಟಿಗೆ, ಚರಂಡಿ, ಕಕ್ಕಸು ಗುಂಡಿ, ತಿಪ್ಪೆ ಎಲ್ಲವನ್ನೂ ತೊಳೆದುಕೊಂಡು ಹರಿಯುತ್ತೆ. ತಗ್ಗಿನಲ್ಲಿರುವ ಬಾವಿಯೊಳಗೆ ಇಳಿಯುವುದೂ ಅದೇ ನೀರು.

2. ಡಿಸೆಂಬರ್‌ನಲ್ಲಿ ಬಂದ ಜೂನ್

ನನ್ನ ಬಿ.ಎಡ್. ಸಹಪಾಠಿಯೊಬ್ಬ ಆ ಕಡೆಯ ಒಂದು ಹಾಸ್ಟೆಲ್‌ನಲ್ಲಿ ಪ್ಲಸ್ ಒನ್, ಪ್ಲಸ್ ಟೂ ಮಕ್ಕಳನ್ನು ನೋಡಿಕೊಳ್ಳುತ್ತಾನೆ. ನೀರು ಇಳಿದ ಮೇಲೆ, ಡಿಸೆಂಬರ್ 7ರ ಶನಿವಾರ, "ಸೋಮವಾರ ಮಕ್ಕಳು ವಾಪಸ್ ಬರ್ತಾರೆ, ಕೈ ಹಾಕೋಕೆ ಬಾ ಮಾರಾಯ" ಅಂತ ಕರೆದ. ಹೋದೆ.

ನೆಲಮಹಡಿಯ ಕೋಣೆಗಳಲ್ಲಿ ಮೊಣಕಾಲುದ್ದ ಕೆಸರು ನಿಂತಿದ್ದ ಗುರುತು ಗೋಡೆ ಮೇಲಿತ್ತು. ಹಾಸಿಗೆ ಹೋಗಿತ್ತು, ನೋಟ್‌ಬುಕ್‌ಗಳು ಉಬ್ಬಿಕೊಂಡು ಇಟ್ಟಿಗೆ ಥರ ಆಗಿದ್ದವು. ಆ ವಾರ ಮಕ್ಕಳು ಮತ್ತೆ ಹೊಸ ಟ್ರಂಕು, ಹೊಸ ನೋಟ್‌ಬುಕ್, ಹೊಸ ಚಾಪೆ ಹಿಡಿದು ಬಂದರು. ಶಾಲೆ ಶುರುವಾಗುವ ಜೂನ್ ತಿಂಗಳು ಡಿಸೆಂಬರ್‌ನಲ್ಲಿ ಇನ್ನೊಂದು ಸಲ ಬಂದ ಹಾಗಿತ್ತು.

ಅದೇ ವರ್ಷ ವಯನಾಡಿನಲ್ಲೂ ಹೀಗೇ ಆಗಿತ್ತು. ಜುಲೈ 30ರ ನಸುಕಿನ ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳು ನಾಶವಾದವು. ವೆಳ್ಳಾರ್‌ಮಲ ಶಾಲೆಯ ಹಲವು ಮಕ್ಕಳು ತೀರಿಕೊಂಡರು. ಉಳಿದ ಮಕ್ಕಳಿಗೆ ಸೆಪ್ಟೆಂಬರ್ 2ರಂದು ಮೇಪ್ಪಾಡಿಯಲ್ಲಿ ಎರಡನೇ ಸಲ ಪ್ರವೇಶೋತ್ಸವ ಮಾಡಿ ತರಗತಿ ಶುರುಮಾಡಿದರು. ಒಂದು ದುರಂತದ ನಂತರ ಶಾಲೆ ತೆರೆಯುವುದು ಅಂದರೆ ಬರೀ ಗಂಟೆ ಬಾರಿಸುವುದಲ್ಲ. ಮಕ್ಕಳು ಬಂದು ತಿನ್ನುವ, ಕುಡಿಯುವ, ಮಲಗುವ ಜಾಗ ಸುರಕ್ಷಿತ ಅಂತ ದೊಡ್ಡವರು ಜವಾಬ್ದಾರಿ ಹೊತ್ತುಕೊಳ್ಳುವುದು.

ನಮ್ಮ ಕಥೆಗೆ ಬರೋಣ. ಹಾಸ್ಟೆಲ್ ಹಿಂದೆ ಒಂದು ಬಾವಿ. ಪ್ರವಾಹದ ದಿನ ಕಟ್ಟೆಯ ಮೇಲೆ ನೀರು ಹರಿದಿತ್ತಂತೆ. ನಾನು ಹೋದಾಗ ಐದು ದಿನ ಕಳೆದಿತ್ತು. ಬಗ್ಗಿ ನೋಡಿದರೆ ನೀರು ತಿಳಿಯಾಗಿತ್ತು, ನನ್ನ ಮುಖ ಕಾಣುತ್ತಿತ್ತು. ತಳಿ ಕಡೆಯ ಒಬ್ಬ ಹುಡುಗ ಮುಂಚೆಯೇ ಬಂದಿದ್ದ. ಕನ್ನಡದವರು ಅಂತ ಗೊತ್ತಾಗಿ ನನ್ನ ಹಿಂದೆಯೇ ಓಡಾಡುತ್ತಿದ್ದ. ಒಂದು ಚೊಂಬು ನೀರು ಸೇದಿ, "ಸಾರ್, ಕಣ್ಣಾಡಿ ಹಂಗೈತೆ. ಕುಡೀಬಹುದಾ?" ಅಂದ.

"ಕುಡಿಯಪ್ಪ, ಏನಾಗಲ್ಲ" ಅಂದೆ. ನಾನು. ವಿಜ್ಞಾನದ ಮೇಷ್ಟ್ರು.

ಅದೇ ಸಂಜೆ ಹೆಲ್ತ್ ಇನ್ಸ್‌ಪೆಕ್ಟರ್ ಬಂದರು. ಬಾವಿ ನೀರನ್ನು ಒಂದು ಸಣ್ಣ ಬಾಟಲಿಯಲ್ಲಿ ಗುರುತಿನವರೆಗೆ ತುಂಬಿ, ಮುಚ್ಚಳ ಹಾಕಿ, "ಬೆಚ್ಚಗಿರೋ ಕಡೆ ಇಡಿ, ನಾಳೆ ನೋಡಿ" ಅಂತ ಹೇಳಿ ಹೋದರು. ಭಾನುವಾರ ಮಧ್ಯಾಹ್ನ ನನ್ನ ಗೆಳೆಯ ಫೋನಿನಲ್ಲಿ ಫೋಟೊ ಕಳಿಸಿದ. ಬಾಟಲಿಯ ನೀರು ಕಾಡಿಗೆಯಷ್ಟು ಕಪ್ಪು. ಸೋಮವಾರ ರಾತ್ರಿ ಆ ಹುಡುಗನಿಗೂ ಇನ್ನೊಬ್ಬನಿಗೂ ಭೇದಿ ಶುರುವಾಯ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮೂರು ದಿನಕ್ಕೆ ಇಬ್ಬರೂ ಚೇತರಿಸಿಕೊಂಡರು.

ಬಾವಿ ನೀರೇ ಕಾರಣ ಅಂತ ನೂರಕ್ಕೆ ನೂರು ಹೇಳೋಕಾಗಲ್ಲ. ದಾರಿಯಲ್ಲಿ ಏನಾದರೂ ತಿಂದಿರಬಹುದು. ವಿಜ್ಞಾನದಲ್ಲಿ ಹೀಗೆ ಅನುಮಾನಕ್ಕೂ ಜಾಗ ಬಿಡಬೇಕು. ಆದರೆ ಕಪ್ಪು ಬಾಟಲಿ ನನ್ನ ಮಾತು ತಪ್ಪು ಅಂತ ತೋರಿಸೋಕೆ ಸಾಕಾಗಿತ್ತು. ಆಸ್ಪತ್ರೆಗೆ ಹೋದಾಗ ಆ ಹುಡುಗ ಕೋಪ ಮಾಡಿಕೊಳ್ಳಲಿಲ್ಲ. "ಸಾರ್, ಅಷ್ಟು ತಿಳಿಯಾಗಿತ್ತಲ್ಲ, ಅದರಾಗೆ ಏನಿತ್ತು?" ಅಂತ ಕೇಳಿದ. ಈ ಲೇಖನದ ಉಳಿದ ಭಾಗ ಅವನ ಪ್ರಶ್ನೆಗೆ ಉತ್ತರ.

3. ಮಣ್ಣು ಇಳಿಯುತ್ತೆ, ರೋಗಾಣು ಇಳಿಯಲ್ಲ

ನೀರು ಕದಡಿದ ಹಾಗೆ ಕಾಣೋದು ಯಾಕೆ? ನೀರಿನಲ್ಲಿ ತೇಲುವ ಕಣಗಳು ಬೆಳಕನ್ನು ಚದುರಿಸುತ್ತವೆ. ಕಣ ಹೆಚ್ಚಿದ್ದರೆ ಬೆಳಕು ಹೆಚ್ಚು ಚದುರಿ ನೀರು ಮಬ್ಬಾಗಿ ಕಾಣುತ್ತೆ. ಬಾವಿಯ ನೀರು ಅಲುಗಾಡದೆ ಕೆಲವು ದಿನ ನಿಂತರೆ ಮಣ್ಣಿನ ಕಣಗಳು ತಳ ಸೇರುತ್ತವೆ. ಯಾಕಂದರೆ ಅವುಗಳ ಸಾಂದ್ರತೆ ನೀರಿನ ಸುಮಾರು ಎರಡೂವರೆ ಪಟ್ಟು.

ಬ್ಯಾಕ್ಟೀರಿಯಾಗಳ ಕಥೆ ಬೇರೆ. ನಮ್ಮ ಕರುಳಿನಲ್ಲಿ ಇರುವ ಈ-ಕೋಲಿ ಬ್ಯಾಕ್ಟೀರಿಯಾದ ಉದ್ದ ಸುಮಾರು 2 ಮೈಕ್ರೋಮೀಟರ್. ಅಂದರೆ ಒಂದು ಮಿಲಿಮೀಟರ್ ಜಾಗದಲ್ಲಿ 500ನ್ನು ಸಾಲಾಗಿ ನಿಲ್ಲಿಸಬಹುದು! ಅದರ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚು. ಆದ್ದರಿಂದ ಅದು ಕೆಳಗೆ ಕೂರಲ್ಲ, ತೇಲುತ್ತಲೇ ಇರುತ್ತೆ. ಕೆಲವಕ್ಕೆ ಈಜೋಕೂ ಬರುತ್ತೆ.

ಹಾಗಾದರೆ ಬ್ಯಾಕ್ಟೀರಿಯಾ ತುಂಬಿದ ನೀರು ಮಬ್ಬಾಗಿ ಕಾಣಬೇಕಲ್ವಾ? ಕಾಣುತ್ತೆ, ಆದರೆ ಒಂದು ಮಿಲಿಲೀಟರ್‌ನಲ್ಲಿ ಅವುಗಳ ಸಂಖ್ಯೆ ಸುಮಾರು ಒಂದು ಕೋಟಿ ತಲುಪಿದ ಮೇಲೆ. ಅದರ ಸಾವಿರದಲ್ಲಿ ಒಂದು ಭಾಗ, ಅಂದರೆ ಮಿಲಿಲೀಟರ್‌ಗೆ 10,000 ಇದ್ದರೆ ನಿಮ್ಮ ಕಣ್ಣಿಗೆ ಅದು ಪೂರ್ತಿ ತಿಳಿನೀರು. ಅಂಥ ನೀರನ್ನು ಒಂದು ಲೋಟ, 200 ಮಿಲಿಲೀಟರ್, ಕುಡಿದರೆ ಹೊಟ್ಟೆ ಸೇರೋದು ಎಷ್ಟು? 10,000 × 200 = 20 ಲಕ್ಷ! ಅವುಗಳಲ್ಲಿ ಎಲ್ಲವೂ ರೋಗ ತರಲ್ಲ. ಆದರೆ ಯಾವುದು ತರುತ್ತೆ, ಯಾವುದು ತರಲ್ಲ ಅಂತ ಕಣ್ಣು ಹೇಳಲ್ಲ, ನಾಲಿಗೆಯೂ ಹೇಳಲ್ಲ.

ನಮ್ಮ ಹೊಸೂರಿನವರಿಗೆ ಇದನ್ನು ಇನ್ನೊಂದು ರೀತಿ ಹೇಳಬಹುದು. ದಕ್ಷಿಣ ಪಿನಾಕಿನಿ ನದಿಯ ಕೆಲವರಪಳ್ಳಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಬಿಳಿ ನೊರೆ ಗುಡ್ಡೆಗುಡ್ಡೆಯಾಗಿ ಏಳೋದನ್ನ ನೋಡಿದ್ದೀರಿ. ಆ ನೊರೆ ನೋಡಿ ಎಲ್ಲರೂ ಹಿಂದೆ ಸರಿಯುತ್ತೇವೆ. ಒಳ್ಳೆಯದೇ. ಆದರೆ ನೊರೆ ಬರದ ನೀರಿನ ಹತ್ತಿರ ಯಾರೂ ಹಿಂದೆ ಸರಿಯಲ್ಲ. ತೊಂದರೆ ಇರೋದು ಅಲ್ಲೇ.

ಆ ಬಾಟಲಿ ಕಪ್ಪಾದದ್ದು ಹೇಗೆ?
ಬಾಟಲಿಯೊಳಗೆ ಒಂದು ಒಣಗಿದ ಕಾಗದದ ಪಟ್ಟಿ ಇರುತ್ತೆ. ಅದರಲ್ಲಿ ಬ್ಯಾಕ್ಟೀರಿಯಾಗಳಿಗೆ ಬೇಕಾದ ಆಹಾರ, ಗಂಧಕ ಇರುವ ಒಂದು ಲವಣ, ಕಬ್ಬಿಣದ ಒಂದು ಲವಣ ಇರುತ್ತವೆ. ಮಲದ ಜೊತೆ ಬರುವ ಕೆಲವು ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಉಂಟುಮಾಡುತ್ತವೆ. ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಬಣ್ಣದ ಕಬ್ಬಿಣದ ಸಲ್ಫೈಡ್ ಆಗುತ್ತೆ. ಒಂದೆರಡು ದಿನದಲ್ಲಿ ನೀರು ಕಪ್ಪಾದರೆ "ಮಲಿನ ಸೇರಿದೆ, ಕುಡಿಯಬೇಡಿ" ಅಂತ ಅರ್ಥ. ದೊಡ್ಡ ಪ್ರಯೋಗಾಲಯ ಬೇಡ, ಸೂಕ್ಷ್ಮದರ್ಶಕ ಬೇಡ. ಈ ಸರಳ ಪರೀಕ್ಷೆಯನ್ನು 1982ರಲ್ಲಿ ಪ್ರಕಟಿಸಿದವರು ನಮ್ಮ ದೇಶದವರೇ: ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ಕೆ. ಎಸ್. ಮಂಜ ಮತ್ತು ಅವರ ಸಹೋದ್ಯೋಗಿಗಳು.

4. ರುಚಿಯಾದ ನೀರು ಕುಡಿದು ಸತ್ತ ಹೆಂಗಸು

ತಿಳಿನೀರನ್ನು ನಂಬಿ ಮೋಸಹೋದವರಲ್ಲಿ ನಾನು ಮೊದಲನೆಯವನಲ್ಲ. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಬಂತು. ಕೆಲವೇ ದಿನಗಳಲ್ಲಿ ನೂರಾರು ಜನ ಸತ್ತರು. ಕೆಟ್ಟ ಗಾಳಿಯಿಂದ ಕಾಲರಾ ಬರುತ್ತೆ ಅಂತ ಆಗ ಬಹಳ ವೈದ್ಯರು ನಂಬಿದ್ದರು. ಡಾ. ಜಾನ್ ಸ್ನೋ ಅವರಿಗೆ ನೀರಿನ ಮೇಲೆ ಅನುಮಾನ. ಅವರು ಮನೆಮನೆಗೆ ಹೋಗಿ ಯಾರು ಸತ್ತರು, ಯಾವ ನೀರು ಕುಡಿದಿದ್ದರು ಅಂತ ಕೇಳಿ ಬರೆದುಕೊಂಡರು. ಸಾವುಗಳು ಬ್ರಾಡ್ ಸ್ಟ್ರೀಟ್‌ನ ಒಂದು ಕೈಪಂಪಿನ ಸುತ್ತ ಗುಂಪಾಗಿದ್ದವು.

ಅಲ್ಲಿಂದ ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ಒಬ್ಬ ವಿಧವೆಯೂ ಕಾಲರಾದಿಂದ ಸತ್ತಿದ್ದರು. ಅವರ ಸುತ್ತಮುತ್ತ ಕಾಲರಾ ಇರಲಿಲ್ಲ. ವಿಚಾರಿಸಿದರೆ, ಮೊದಲು ಬ್ರಾಡ್ ಸ್ಟ್ರೀಟ್‌ನಲ್ಲಿದ್ದ ಅವರಿಗೆ ಆ ಪಂಪಿನ ನೀರಿನ ರುಚಿ ಇಷ್ಟವಂತೆ. ಅದಕ್ಕೇ ಗಾಡಿಯಲ್ಲಿ ತರಿಸಿಕೊಂಡು ಕುಡಿಯುತ್ತಿದ್ದರು! ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಯನ್ನು ತೆಗೆಸಲಾಯಿತು. ಕಾಲರಾದ ರೋಗಾಣು ಯಾವುದು ಅಂತ ಸ್ನೋ ಅವರಿಗೆ ಗೊತ್ತಿರಲಿಲ್ಲ. ಆದರೂ ಸರಿಯಾದ ಪ್ರಶ್ನೆ ಕೇಳಿದ್ದರಿಂದ ದಾರಿ ಸಿಕ್ಕಿತು. ಆ ಪ್ರಶ್ನೆ ಏನು? "ನೀರು ಎಲ್ಲಿಂದ ಬರುತ್ತೆ?"

5. ಬಾವಿಗೆ ಬ್ಲೀಚಿಂಗ್ ಪೌಡರ್: ಲೆಕ್ಕ ಹಾಕೋಣ

ಸೋಮವಾರ ಬೆಳಿಗ್ಗೆ ಹೆಲ್ತ್ ಇನ್ಸ್‌ಪೆಕ್ಟರ್ ಮತ್ತೆ ಬಂದು ಬಾವಿಗೆ ಕ್ಲೋರಿನ್ ಹಾಕಿಸಿದರು. ಬ್ಲೀಚಿಂಗ್ ಪೌಡರ್ ಅಂದರೆ ಕ್ಯಾಲ್ಸಿಯಂ ಆಕ್ಸಿಕ್ಲೋರೈಡ್ ಅಂತ ಹತ್ತನೇ ತರಗತಿಯಲ್ಲಿ ಓದಿದ್ದೀರಿ. ಅದು ನೀರಿನಲ್ಲಿ ಕರಗಿದಾಗ ಹೈಪೋಕ್ಲೋರಸ್ ಆಮ್ಲ ಉಂಟಾಗುತ್ತೆ. ಈ ಆಮ್ಲ ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ದಾಟಿ ಒಳಗೆ ಹೋಗಿ, ಅದರ ಕಿಣ್ವಗಳನ್ನು ಉತ್ಕರ್ಷಿಸಿ ಹಾಳುಮಾಡುತ್ತೆ. ಕಿಣ್ವ ಹಾಳಾದರೆ ಜೀವಕೋಶ ಸಾಯುತ್ತೆ.

ಎಷ್ಟು ಹಾಕಬೇಕು? ಗಣಿತದ ಸಿಲಿಂಡರ್ ಪಾಠ ಇಲ್ಲಿ ಉಪಯೋಗಕ್ಕೆ ಬರುತ್ತೆ. ಆ ಬಾವಿಯ ವ್ಯಾಸ 3 ಮೀ., ನೀರಿನ ಆಳ 4 ಮೀ.

ತ್ರಿಜ್ಯ = 1.5 ಮೀ.
ನೀರಿನ ಘನಫಲ = 3.14 × 1.5 × 1.5 × 4 = 28.26 ಘನ ಮೀಟರ್ = 28,260 ಲೀಟರ್.

ಮಾಮೂಲಿ ದಿನಗಳಲ್ಲಿ 1,000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಸಾಕು. ಪ್ರವಾಹದ ನೀರು ಸೇರಿದ ಬಾವಿಗೆ ಅದರ ಎರಡರಷ್ಟು, ಅಂದರೆ 5 ಗ್ರಾಂ.

ಬೇಕಾದ ಪುಡಿ = 28.26 × 5 = ಸುಮಾರು 141 ಗ್ರಾಂ.

ಹಾಕುವ ವಿಧಾನವೂ ಮುಖ್ಯ:

(ಅ) ಕಸ, ಕೆಸರು ತೆಗೆದು, ಮಣ್ಣು ತಳ ಸೇರುವವರೆಗೆ ಕಾಯಬೇಕು. ನೀರಿನಲ್ಲಿ ಮಣ್ಣು, ಕೊಳೆತ ಎಲೆ ಇದ್ದರೆ ಕ್ಲೋರಿನ್ ಅವುಗಳ ಮೇಲೇ ಖರ್ಚಾಗಿ ರೋಗಾಣುಗಳಿಗೆ ಉಳಿಯಲ್ಲ. ಮಳೆಯಾದ ತಕ್ಷಣ ಪಂಪ್ ಹಾಕಿ ಬಾವಿಯನ್ನು ಒಂದೇ ಸಲಕ್ಕೆ ಬರಿದು ಮಾಡಬಾರದು. ಸುತ್ತಲಿನ ಮಣ್ಣು ನೀರು ಕುಡಿದು ಭಾರವಾಗಿರುತ್ತೆ, ಗೋಡೆ ಒಳಕ್ಕೆ ಕುಸಿಯಬಹುದು.

(ಆ) ಒಂದು ಪ್ಲಾಸ್ಟಿಕ್ ಬಕೆಟ್ಟಿಗೆ 100 ಗ್ರಾಂಗಿಂತ ಹೆಚ್ಚು ಪುಡಿ ಹಾಕಬಾರದು. ಆದ್ದರಿಂದ 141 ಗ್ರಾಂಗೆ ಎರಡು ಬಕೆಟ್. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಹಾಕಿ ಕದಡಬೇಕು.

(ಇ) ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ಕೆಳಗೆ ಕೂರುತ್ತೆ. ಮೇಲಿನ ತಿಳಿಯನ್ನು ಮಾತ್ರ ಬೇರೆ ಬಕೆಟ್ಟಿಗೆ ಬಗ್ಗಿಸಿಕೊಳ್ಳಬೇಕು. ಸುಣ್ಣ ಬಾವಿಗೆ ಹೋದರೆ ನೀರಿನ ಗಡಸುತನ ಹೆಚ್ಚುತ್ತೆ.

(ಈ) ಆ ತಿಳಿ ದ್ರಾವಣದ ಬಕೆಟ್ಟನ್ನು ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ, ನೀರಿನ ಒಳಗೆ ಮೇಲೆ ಕೆಳಗೆ ಆಡಿಸಬೇಕು. ಸುಮ್ಮನೆ ಮೇಲಿಂದ ಸುರಿದರೆ ಎಲ್ಲ ಕಡೆ ಬೆರೆಯಲ್ಲ.

(ಉ) ಕನಿಷ್ಠ ಅರ್ಧ ಗಂಟೆ ಯಾರೂ ನೀರು ಸೇದಬಾರದು. ಒಂದು ಗಂಟೆ ಬಿಟ್ಟರೆ ಇನ್ನೂ ಒಳ್ಳೆಯದು.

ಕೆಲಸ ಆಗಿದೆಯೋ ಇಲ್ಲವೋ ಅಂತ ತಿಳಿಯೋದು ಹೇಗೆ? ಅದಕ್ಕೆ ಕ್ಲೋರೋಸ್ಕೋಪ್ ಅನ್ನೋ ಸಣ್ಣ ಪೆಟ್ಟಿಗೆ ಇದೆ. ನೀರಿಗೆ ಒಂದು ದ್ರಾವಣದ ಕೆಲವು ಹನಿ ಹಾಕಿದರೆ ಹಳದಿ ಬಣ್ಣ ಬರುತ್ತೆ. ಆ ಬಣ್ಣವನ್ನು ಪೆಟ್ಟಿಗೆಯ ಬಣ್ಣಗಳ ಜೊತೆ ಹೋಲಿಸಿ ಉಳಿಕೆ ಕ್ಲೋರಿನ್ ಎಷ್ಟು ಅಂತ ಓದಬಹುದು. ಪ್ರವಾಹದ ನಂತರ ಲೀಟರ್‌ಗೆ 0.5 ಮಿ.ಗ್ರಾಂ ಉಳಿದಿರಬೇಕು. ಹಳದಿ ಬರದಿದ್ದರೆ ಕ್ಲೋರಿನ್ ಪೂರ್ತಿ ಖರ್ಚಾಗಿದೆ, ಇನ್ನೊಂದು ಸಲ ಹಾಕಬೇಕು ಅಂತ ಅರ್ಥ. ಸಂಪು ಮತ್ತು ತಾರಸಿಯ ಟ್ಯಾಂಕನ್ನೂ ಉಜ್ಜಿ ತೊಳೆದು ಕ್ಲೋರಿನ್ ಹಾಕದಿದ್ದರೆ ಬಾವಿಗೆ ಮಾಡಿದ ಕೆಲಸವೆಲ್ಲ ವ್ಯರ್ಥ.

ಎಚ್ಚರಿಕೆ: ಇದು ದೊಡ್ಡವರ ಕೆಲಸ. ನೀವು ಲೆಕ್ಕ ಮಾಡಿಕೊಡಿ, ಗಡಿಯಾರ ನೋಡಿ, ಹಳದಿ ಬಣ್ಣ ಓದಿ, ಪುಡಿ ಮುಟ್ಟಬೇಡಿ. ಕೈಗವಸು, ಮುಖಕ್ಕೆ ಬಟ್ಟೆ ಬೇಕು. ಕಕ್ಕಸು ತೊಳೆಯುವ ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಎಂದೂ ಸೇರಬಾರದು. ಸೇರಿದರೆ ವಿಷದ ಕ್ಲೋರಿನ್ ಅನಿಲ ಬರುತ್ತೆ. ಮೂಟೆಯ ಬಾಯಿ ತೆರೆದಿಟ್ಟು ಹಳೆಯದಾದ ಪುಡಿಯಲ್ಲಿ ಕ್ಲೋರಿನ್ ಹೋಗಿರುತ್ತೆ, ಅಂಥದ್ದನ್ನು ಹಾಕಿದರೂ ಹಾಕದ ಹಾಗೇ.

6. ಒಲೆಯ ಮೇಲಿನ ಉಪಾಯ

ಬ್ಲೀಚಿಂಗ್ ಪೌಡರ್ ಇಲ್ಲದಿದ್ದರೆ? ಕುದಿಸಿ. ನೀರು ತಳದಿಂದ ಗುಳ್ಳೆ ಎದ್ದು ಕೊತಕೊತ ಅಂತ ಒಂದು ನಿಮಿಷ ಕುದಿದರೆ ಸಾಕು.

ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಸುಮಾರು 300 ಮೀಟರ್ ಏರಿದರೆ ಕುದಿಬಿಂದು 1 ಡಿಗ್ರಿ ಇಳಿಯುತ್ತೆ. ಹಾಗಾಗಿ ನಮ್ಮೂರಲ್ಲಿ ನೀರು 100 ಡಿಗ್ರಿಗೆ ಅಲ್ಲ, ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ. "ಹಾಗಾದರೆ ರೋಗಾಣು ಉಳಿದುಬಿಡುತ್ತಾ ಸಾರ್?" ಅಂತ ನನ್ನ ತರಗತಿಯಲ್ಲಿ ಒಬ್ಬಳು ಕೇಳಿದಳು. ಒಳ್ಳೆ ಪ್ರಶ್ನೆ. ಭೇದಿ, ಕಾಲರಾ, ಟೈಫಾಯ್ಡ್ ತರುವ ರೋಗಾಣುಗಳು 70 ಡಿಗ್ರಿ ದಾಟುತ್ತಿದ್ದ ಹಾಗೇ ಬೇಗ ಸಾಯುತ್ತವೆ. ಆದ್ದರಿಂದ 97 ಡಿಗ್ರಿ ಧಾರಾಳವಾಗಿ ಸಾಕು. ಆದರೆ ಕುದಿಸಿದ ನೀರನ್ನು ಮತ್ತೆ ಕೊಳಕು ಚೊಂಬಿನಲ್ಲಿ ಅದ್ದಿದರೆ ಏನು ಪ್ರಯೋಜನ? ಮುಚ್ಚಿಡಬೇಕು, ನಲ್ಲಿ ಇರುವ ಪಾತ್ರೆಯಿಂದಲೋ ಉದ್ದ ಹಿಡಿಯ ಸೌಟಿನಿಂದಲೋ ತೆಗೆದುಕೊಳ್ಳಬೇಕು.

ಬಟ್ಟೆಯಲ್ಲಿ ಸೋಸಿದರೆ, ಪಟಿಕ ಹಾಕಿದರೆ ಆಗಲ್ವಾ? ನೀರು ತಿಳಿಯಾಗುತ್ತೆ, ನಿಜ. ಆದರೆ ಇವೆರಡೂ ರೋಗಾಣುಗಳನ್ನು ಕೊಲ್ಲಲ್ಲ. ಇವು ಮೊದಲ ಹೆಜ್ಜೆ ಮಾತ್ರ; ಆಮೇಲೆ ಕುದಿಸಲೇಬೇಕು ಅಥವಾ ಕ್ಲೋರಿನ್ ಹಾಕಲೇಬೇಕು.

7. ಭೇದಿಯಾದರೆ, ಕೆಸರು ತುಳಿದರೆ

ಭೇದಿಯಲ್ಲಿ ಪ್ರಾಣಕ್ಕೆ ಅಪಾಯ ತರೋದು ದೇಹದಿಂದ ನೀರು ಮತ್ತು ಲವಣ ಹೊರಟುಹೋಗುವುದು. ತಕ್ಷಣ ಓಆರ್‌ಎಸ್ ಕೊಡಬೇಕು. ಪೊಟ್ಟಣ ಸಿಗದಿದ್ದರೆ, 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಸಮತಟ್ಟಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಜೊತೆ ಸಕ್ಕರೆ ಯಾಕೆ? ಕರುಳಿನ ಗೋಡೆ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೋಡಿಯಾಗಿ ಒಳಗೆ ಎಳೆದುಕೊಳ್ಳುತ್ತೆ, ಅವುಗಳ ಹಿಂದೆ ನೀರೂ ಹೋಗುತ್ತೆ. ಉಪ್ಪು ಹೆಚ್ಚಾದರೆ ಅಪಾಯ, ಆದ್ದರಿಂದ ಅಳತೆ ತಪ್ಪಬಾರದು. ಭೇದಿ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ಮಂಪರು ಬಂದರೆ ಆಸ್ಪತ್ರೆಗೆ ಹೋಗಲೇಬೇಕು.

ಇನ್ನೊಂದು ರೋಗ ಬಾಯಿಂದಲ್ಲ, ಕಾಲಿಂದ ಬರುತ್ತೆ. ಅದು ಇಲಿಜ್ವರ. ಇಲಿಗಳ ಮೂತ್ರ ಸೇರಿದ ನೀರಿನಲ್ಲಿ ಓಡಾಡಿದಾಗ ಕಾಲಿನ ಗಾಯ, ಬಿರುಕುಗಳ ಮೂಲಕ ರೋಗಾಣು ಒಳಗೆ ಹೋಗುತ್ತೆ. 2018ರ ಆಗಸ್ಟ್ ಪ್ರವಾಹದ ನಂತರ ಕೇರಳದಲ್ಲಿ ಈ ಜ್ವರದಿಂದ ಜನ ಸತ್ತರು. ಕೆಸರು ತೆಗೆಯುವ ಕೆಲಸ ಮಾಡುವವರಿಗೆ ಅಲ್ಲಿನ ಆರೋಗ್ಯ ಇಲಾಖೆ ಮುಂಜಾಗ್ರತೆಯ ಮಾತ್ರೆ ಹಂಚಿತು. ಹಾಗಾಗಿ ಹಾಸ್ಟೆಲ್ ತೊಳೆಯುವಾಗ ಬರಿಗಾಲು ಬೇಡ. ಕೆಸರು ತುಳಿದ ಕೆಲವು ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ಡಾಕ್ಟರ್ ಹತ್ತಿರ "ನೀರಲ್ಲಿ ಓಡಾಡಿದ್ದೆ" ಅಂತ ಹೇಳಲು ಮರೆಯಬೇಡಿ. ಆ ಒಂದು ಮಾತು ಚಿಕಿತ್ಸೆಯ ದಾರಿಯನ್ನೇ ಬದಲಿಸಬಹುದು.

8. ಹಾಸ್ಟೆಲ್ ಸೇರುವ ದಿನ ಕೇಳಬೇಕಾದ 5 ಪ್ರಶ್ನೆಗಳು

ಪ್ರವಾಹ ಬಂದರೆ ಮಾತ್ರ ಅಲ್ಲ, ಈ ಜೂನ್‌ನಲ್ಲೂ ಕೇಳಿ. ಎರಡು ತಿಂಗಳು ಬೀಗ ಹಾಕಿದ್ದ ಹಾಸ್ಟೆಲ್‌ನ ಟ್ಯಾಂಕಿನಲ್ಲೂ ನೀರು ನಿಂತೇ ಇರುತ್ತೆ.

1. ಕುಡಿಯುವ ನೀರು ಎಲ್ಲಿಂದ ಬರುತ್ತೆ? ಬಾವಿಯೇ, ಬೋರ್‌ವೆಲ್ಲೇ, ಟ್ಯಾಂಕರ್ರೇ?
2. ಸಂಪು, ಟ್ಯಾಂಕು ಕೊನೆಯ ಸಲ ತೊಳೆದದ್ದು ಯಾವಾಗ?
3. ಕ್ಲೋರಿನ್ ಹಾಕುವವರು ಯಾರು, ಉಳಿಕೆ ಕ್ಲೋರಿನ್ ನೋಡುವವರು ಯಾರು?
4. ಕಕ್ಕಸು ಗುಂಡಿ ನೀರಿನ ಮೂಲದಿಂದ ಎಷ್ಟು ದೂರ?
5. ಯಾರಿಗಾದರೂ ಭೇದಿಯಾದರೆ ಓಆರ್‌ಎಸ್ ಎಲ್ಲಿದೆ, ಆಸ್ಪತ್ರೆ ಎಷ್ಟು ದೂರ?

ಇದನ್ನೆಲ್ಲ ಕೇಳಿದರೆ ವಾರ್ಡನ್ ಏನಂದುಕೊಳ್ಳುತ್ತಾರೋ ಅಂತ ಸಂಕೋಚ ಬೇಡ. ವಿನಯದಿಂದ ಕೇಳಿ. ಒಳ್ಳೆಯ ವಾರ್ಡನ್‌ಗೆ ಸಂತೋಷವೇ ಆಗುತ್ತೆ. ನನ್ನ ಗೆಳೆಯನ ಹಾಸ್ಟೆಲ್‌ನಲ್ಲಿ ಈಗ ಪ್ರತಿ ಸೋಮವಾರ ಇಬ್ಬರು ಮಕ್ಕಳು ಕ್ಲೋರೋಸ್ಕೋಪ್ ಹಿಡಿದು ಟ್ಯಾಂಕಿನ ನೀರು ನೋಡಿ ಬೋರ್ಡಿನ ಮೇಲೆ ಅಂಕಿ ಬರೆಯುತ್ತಾರೆ. ಆ ಕೆಲಸ ನನಗೆ ಬೇಕು ಅಂತ ಮೊದಲು ಕೈ ಎತ್ತಿದವನು ಆ ತಳಿ ಕಡೆಯ ಹುಡುಗನೇ.

ಇನ್ನು ನಾನು? ಈಗ ಯಾರಾದರೂ ಚೊಂಬು ತೋರಿಸಿ "ಕುಡೀಬಹುದಾ ಸಾರ್?" ಅಂತ ಕೇಳಿದರೆ, ನೀರನ್ನು ನೋಡಿ ಉತ್ತರ ಹೇಳಲ್ಲ. "ಎಲ್ಲಿಂದ ತಂದೆ?" ಅಂತ ಕೇಳ್ತೀನಿ.

ಅಭ್ಯಾಸ

1. ನಿಮ್ಮ ಶಾಲೆಯ ತಾರಸಿಯ ಉದ್ದ ಅಗಲ ಅಳೆಯಿರಿ. 503 ಮಿ.ಮೀ. ಮಳೆ ಬಿದ್ದರೆ ಅದರ ಮೇಲೆ ಬೀಳುವ ನೀರು ಎಷ್ಟು ಲೀಟರ್?
2. ಒಂದು ಬಾವಿಯ ವ್ಯಾಸ 4 ಮೀ., ನೀರಿನ ಆಳ 5 ಮೀ. ಪ್ರವಾಹದ ನಂತರ ಇದಕ್ಕೆ ಎಷ್ಟು ಗ್ರಾಂ ಬ್ಲೀಚಿಂಗ್ ಪೌಡರ್ ಬೇಕು? ಎಷ್ಟು ಬಕೆಟ್‌ಗಳಲ್ಲಿ ಕಲಸಬೇಕು? (ಉತ್ತರ: 314 ಗ್ರಾಂ, 4 ಬಕೆಟ್)
3. ಚಟುವಟಿಕೆ: ಎರಡು ಗಾಜಿನ ಲೋಟಗಳಲ್ಲಿ ನೀರು ತೆಗೆದುಕೊಳ್ಳಿ. ಒಂದಕ್ಕೆ ಚಿಟಿಕೆ ಮಣ್ಣು, ಇನ್ನೊಂದಕ್ಕೆ ಚಿಟಿಕೆ ಉಪ್ಪು ಹಾಕಿ ಕಲಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಎರಡೂ ತಿಳಿಯಾಗಿ ಕಾಣುತ್ತವೆಯೇ? ಎರಡನೆಯದರಲ್ಲಿ ಏನೋ ಇದೆ ಅಂತ ಕಣ್ಣಿಗೆ ಗೊತ್ತಾಗುತ್ತದೆಯೇ? ನಿಮ್ಮ ಮಾತಿನಲ್ಲಿ ಬರೆಯಿರಿ.
4. ಸುಣ್ಣದ ತಳವನ್ನು ಬಾವಿಗೆ ಯಾಕೆ ಹಾಕಬಾರದು? ಕೆಸರು ನೀರಿಗೆ ಕ್ಲೋರಿನ್ ಹಾಕಿದರೆ ಯಾಕೆ ಪ್ರಯೋಜನವಿಲ್ಲ?
5. ನಿಮ್ಮ ಮನೆಯ ಕುಡಿಯುವ ನೀರು ಎಲ್ಲಿಂದ ಬರುತ್ತೆ? ಮೂಲದಿಂದ ಲೋಟದವರೆಗೆ ದಾರಿಯ ಚಿತ್ರ ಬರೆದು, ಎಲ್ಲೆಲ್ಲಿ ಕೊಳೆ ಸೇರಬಹುದು ಅಂತ ಗುರುತು ಹಾಕಿ.